ವಿಮಾನದ ಕೆಳಗೆ ಯಾರಿದ್ದರು?

ದೆಹಲಿಗೆ ಹೋದವರು ಕೆಂಪುಕೋಟೆ, ಕುತುಬ್ ಮಿನಾರ್, ಜಾಮಾ ಮಸೀದಿ ನೋಡಿ ಬರುತ್ತಾರೆ. ಪಾಲಂನಲ್ಲಿರುವ ಭಾರತೀಯ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಕಡಿಮೆ. ಕುಟುಂಬದ ಮದುವೆಯೊಂದಕ್ಕೆಂದು ದೆಹಲಿಗೆ ಹೋಗಿದ್ದ ನಾವೂ ಅದನ್ನು ನೋಡಲೇಬೇಕೆಂದು ಹೊರಟವರಲ್ಲ. ಆದರೆ ನಮ್ಮ ಜೊತೆ ವಿಮಾನದ ಹುಚ್ಚಿನವರು ಇಬ್ಬರಿದ್ದರು. ಒಬ್ಬ ಒಂಬತ್ತು ವರ್ಷದ ಹುಡುಗ. ಇನ್ನೊಬ್ಬರು ಎಪ್ಪತ್ತು ದಾಟಿದ ಅವನ ಅಜ್ಜ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ವಿಮಾನದ ಮೈಗೆ ತಗಡು ಹೊದಿಸುವ ಕೆಲಸ ಕಲಿತು, ನಾಲ್ಕು ದಶಕ ಅಲ್ಲೇ ದುಡಿದು ನಿವೃತ್ತರಾದವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಮದುವೆಯ ಮರುದಿನ ಬೆಳಿಗ್ಗೆ, ಮಂಜು ಇನ್ನೂ ಕರಗುವ ಮೊದಲೇ, ಅಜ್ಜ ಮೊಮ್ಮಗ ಸೇರಿ ನಮ್ಮನ್ನು ಆಟೋ ಹತ್ತಿಸಿದರು.

ನಮ್ಮ ಪತ್ರಿಕೆಗಳಲ್ಲಿ ಪುಸ್ತಕ, ನಾಟಕ, ಸಿನಿಮಾಗಳ ವಿಮರ್ಶೆ ಬರುತ್ತದೆ. ವಸ್ತುಸಂಗ್ರಹಾಲಯದ ವಿಮರ್ಶೆ ಬರುವುದಿಲ್ಲ. ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಮರಳುತ್ತೇವೆ. ಆದರೆ ಅದೂ ಯಾರೋ ಬರೆದ ಪಠ್ಯವೇ. ಏನನ್ನು ಮುಂದಿಡಬೇಕು, ಏನನ್ನು ಗೋದಾಮಿನಲ್ಲಿಡಬೇಕು, ಫಲಕದಲ್ಲಿ ಎಷ್ಟು ಸಾಲು ಬರೆದು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಶಾಲೆಯ ಮಕ್ಕಳು ಬಸ್ಸು ಬಸ್ಸಾಗಿ ಬಂದು ಆ ಪಠ್ಯವನ್ನು ಓದಿಕೊಂಡು ಹೋಗುತ್ತಾರೆ. ಯುದ್ಧ ಎಂದರೇನು ಎಂಬುದರ ಮೊದಲ ಚಿತ್ರ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಮೂಡುವುದು ಇಂಥ ಕಡೆಗಳಲ್ಲೇ. ಆದ್ದರಿಂದ ಒಂದು ಪುಸ್ತಕವನ್ನು ಓದುವಷ್ಟೇ ಎಚ್ಚರದಿಂದ ಅದನ್ನು ಓದುವುದು ತಪ್ಪಲ್ಲ ಎಂದು ನಮಗೆ ತೋರುತ್ತದೆ.

ಸಂಗ್ರಹದ ಬಗ್ಗೆ ಮೊದಲು ಹೇಳಬೇಕಾದ ಒಳ್ಳೆಯ ಮಾತನ್ನು ಹೇಳಿಬಿಡುತ್ತೇವೆ. 1967ರಲ್ಲಿ ಆರಂಭವಾದ ಈ ವಸ್ತುಸಂಗ್ರಹಾಲಯದಲ್ಲಿ ಇರುವಂಥ ವಿಮಾನಗಳು ಏಷ್ಯಾದಲ್ಲಿ ಬೇರೆ ಕಡೆ ಒಟ್ಟಿಗೆ ಸಿಗುವುದು ಅಪರೂಪ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್, ಹರಿಕೇನ್, ಟೆಂಪೆಸ್ಟ್. ಸ್ವಾತಂತ್ರ್ಯಾನಂತರದ ವ್ಯಾಂಪೈರ್, ತೂಫಾನಿ, ಮಿಸ್ಟೇರ್, ಹಂಟರ್, ನ್ಯಾಟ್, ಕ್ಯಾನ್‌ಬೆರಾ. ರಷ್ಯದ ಸುಖೋಯ್-7 ಮತ್ತು ಮಿಗ್. ಮಿಗ್-21 ವಾಯುಪಡೆಯ ಸೇವೆಯಿಂದ ನಿವೃತ್ತವಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದು ಬಲಿ ತೆಗೆದುಕೊಂಡ ಎಳೆಯ ಪೈಲಟ್‌ಗಳ ಕತೆ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಹಳೆಯ ವಿಮಾನವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಅದನ್ನು ಉಳಿಸಿದವರಿಗೆ ನಮ್ಮ ಕೃತಜ್ಞತೆಯಿದೆ. ನಮ್ಮ ತಕರಾರು ಇರುವುದು ವಿಮಾನಗಳ ಜೊತೆಗಲ್ಲ, ಅವುಗಳ ಮುಂದಿನ ಫಲಕಗಳ ಜೊತೆ.

ಹ್ಯಾಂಗರಿನಲ್ಲಿ ವಪಿಟಿ ಎಂಬ ಎರಡು ಹಂತದ ರೆಕ್ಕೆಗಳ ಹಳೆಯ ವಿಮಾನವಿದೆ. ಜಗತ್ತಿನಲ್ಲಿ ಉಳಿದಿರುವ ವಪಿಟಿ ಇದೊಂದೇ. ಬಟ್ಟೆ ಹೊದಿಸಿದ ರೆಕ್ಕೆ, ಬಿಗಿದ ತಂತಿಗಳು, ಮೇಲೆ ಸೂರಿಲ್ಲದ ಎರಡು ಆಸನಗಳು. ಈಗಿನ ಕಣ್ಣಿಗೆ ಗಾಳಿಪಟದ ದೊಡ್ಡಣ್ಣನಂತೆ ಕಾಣುತ್ತದೆ. ಭಾರತೀಯ ವಾಯುಪಡೆಯ ಮೊದಲ ವಿಮಾನ ಇದು. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ವಾಯುಪಡೆ ತನ್ನ ಮೊದಲ ದಳವನ್ನು ಕಟ್ಟಿದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ನಾಲ್ಕು ವಪಿಟಿಗಳು, ಇಂಗ್ಲೆಂಡಿನಲ್ಲಿ ತರಬೇತಾದ ಆರು ಮಂದಿ ಭಾರತೀಯ ಅಧಿಕಾರಿಗಳು, 19 ಮಂದಿ 'ಹವಾಯಿ ಸಿಪಾಯಿ'ಗಳು. ಅಷ್ಟರಿಂದ ಶುರುವಾದದ್ದು ಎಂಬುದನ್ನು ನೆನೆದಾಗ ಯಾವ ಭಾರತೀಯನಿಗೂ ಹೆಮ್ಮೆ ಎನಿಸುತ್ತದೆ. ನಮಗೂ ಎನಿಸಿತು.

ಆದರೆ ಈ ವಿಮಾನ ಮೊದಲು ಯಾರ ಮೇಲೆ ಯುದ್ಧಕ್ಕೆ ಹೋಯಿತು? ಜರ್ಮನರ ಮೇಲಲ್ಲ, ಜಪಾನೀಯರ ಮೇಲೂ ಅಲ್ಲ. 1937ರಲ್ಲಿ ಈ ದಳವನ್ನು ವಾಯವ್ಯ ಗಡಿಯ ಮೀರಾನ್‌ಶಾಹ್‌ಗೆ ಕಳಿಸಲಾಯಿತು. ವಜೀರಿಸ್ತಾನದ ಪಠಾಣರು ಇಪಿಯ ಫಕೀರ್ ಎಂದು ಹೆಸರಾಗಿದ್ದ ಮಿರ್ಜಾ ಅಲಿ ಖಾನರ ಮುಂದಾಳತ್ವದಲ್ಲಿ ಬ್ರಿಟಿಷರ ವಿರುದ್ಧ ಎದ್ದಿದ್ದ ಕಾಲ ಅದು. ಗುಡ್ಡಗಾಡಿಗೆ ಸೈನ್ಯ ಕಳಿಸುವುದು ಬ್ರಿಟಿಷರಿಗೆ ದುಬಾರಿ, ವಿಮಾನ ಅಗ್ಗ. ಮೊದಲ ಮಹಾಯುದ್ಧ ಮುಗಿದ ಮೇಲೆ ಸೊಮಾಲಿಯಾ, ಇರಾಕ್‌ಗಳಲ್ಲಿ ಬ್ರಿಟಿಷರು ಪ್ರಯೋಗಿಸಿ ನೋಡಿದ್ದ ಉಪಾಯ ಇದು. ಅದಕ್ಕೆ ಅವರು ಇಟ್ಟ ಹೆಸರೂ ಸೌಮ್ಯವಾದದ್ದೇ, 'ವಾಯು ನಿಯಂತ್ರಣ'. ಮೊದಲು ಹಳ್ಳಿಯ ಮೇಲೆ ಕರಪತ್ರ ಉದುರಿಸುವುದು, ಇಂಥ ದಿನದೊಳಗೆ ಮನೆ ಬಿಟ್ಟು ಹೋಗಿ ಎಂದು. ಗಡುವು ಮುಗಿದ ಮೇಲೆ ಆ ಪ್ರದೇಶದಲ್ಲಿ ಉಳಿದ ಮನೆಗೂ ದನಕ್ಕೂ ಮನುಷ್ಯನಿಗೂ ಬಾಂಬು. ಓದು ಬಾರದವರ ಊರಿನ ಮೇಲೆ ಕಾಗದ ಉದುರಿಸಿ ಎಚ್ಚರಿಕೆ ಕೊಟ್ಟಾಯಿತು ಎಂದು ಬರೆದುಕೊಳ್ಳುವ ಆಡಳಿತದ ಮನಸ್ಸು ಎಂಥದ್ದು ಎಂದು ಯೋಚಿಸಿ.

ಆ ಪೈಲಟ್‌ಗಳನ್ನು ನಾವು ದೂಷಿಸುತ್ತಿಲ್ಲ. ಭಾರತೀಯನ ಕೈಯಲ್ಲಿ ವಿಮಾನ ಕೊಟ್ಟರೆ ಅವನಿಂದ ಆಗುವುದಿಲ್ಲ ಎಂದು ಬಹಳ ಮಂದಿ ಬ್ರಿಟಿಷ್ ಅಧಿಕಾರಿಗಳು ನಂಬಿದ್ದ ಕಾಲದಲ್ಲಿ ಆ ಎಳೆಯರು ಹಾರಿ ತೋರಿಸಿದರು. ಮುಂದೆ ಸ್ವತಂತ್ರ ಭಾರತದ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರೊತೊ ಮುಖರ್ಜಿ ಪಳಗಿದ್ದೂ ಅಲ್ಲಿಯೇ. ನೋವಿನ ಸಂಗತಿ ಬೇರೆ ಇದೆ. ಗುಲಾಮ ದೇಶದ ಯುವಕ ತಾನೂ ಸಮರ್ಥ ಎಂದು ಸಾಬೀತು ಮಾಡಬೇಕಾದರೆ ಅವನಿಗೆ ಯಜಮಾನ ತೋರಿಸಿದ ಪರೀಕ್ಷೆಯ ಮೈದಾನ ಇನ್ನೊಬ್ಬ ಗುಲಾಮನ ಹಳ್ಳಿ. ಅದೇ ವರ್ಷಗಳಲ್ಲಿ ಕಾಂಗ್ರೆಸ್ ಗಡಿನಾಡಿನ ಬಾಂಬ್ ದಾಳಿಯನ್ನು ಖಂಡಿಸುತ್ತಿತ್ತು. ಅದೇ ಗಡಿನಾಡಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರು ಅಹಿಂಸೆಯ ಪ್ರತಿಜ್ಞೆ ಮಾಡಿ ಲಾಠಿ ತಿನ್ನುತ್ತಿದ್ದರು. ನಮ್ಮ ಸ್ವಾತಂತ್ರ್ಯ ಹೋರಾಟದ ಇತಿಹಾಸವೂ ನಮ್ಮ ವಾಯುಪಡೆಯ ಇತಿಹಾಸವೂ ಒಂದೇ ಬೆಟ್ಟದ ಮೇಲೆ ಎದುರುಬದುರಾಗಿ ನಿಂತಿದ್ದ ಗಳಿಗೆ ಅದು. ಇಷ್ಟು ದೊಡ್ಡ ಕತೆಯನ್ನು ಈ ವಿಮಾನ ಹೇಳಬಲ್ಲುದು. ಆದರೆ 'ಮೊದಲ ವಿಮಾನ' ಎಂಬ ಹೆಮ್ಮೆಯ ಆಚೆಗೆ ಬಾಂಬು ಬಿದ್ದ ಹಳ್ಳಿಗಳ ಮಾತು ನಮ್ಮ ಕಣ್ಣಿಗೆ ಬೀಳಲಿಲ್ಲ.

ಮೀರಾನ್‌ಶಾಹ್‌ನ ಕತೆ ಅಲ್ಲಿಗೆ ಮುಗಿಯಲೂ ಇಲ್ಲ. 1947ರ ನಂತರ ಪಾಕಿಸ್ತಾನದ ವಾಯುಪಡೆ ಅದೇ ಫಕೀರರ ಬೆಂಬಲಿಗರ ಮೇಲೆ ಬಾಂಬು ಹಾಕಿತು. 2004ರಿಂದ ವಜೀರಿಸ್ತಾನದ ಮೇಲೆ ಅಮೆರಿಕದ ಪೈಲಟ್‌ರಹಿತ ಡ್ರೋನ್‌ಗಳು ಬಂದವು. 2014ರಲ್ಲಿ ಪಾಕಿಸ್ತಾನದ ಸೇನೆಯ ಕಾರ್ಯಾಚರಣೆ ನಡೆದಾಗ ಉತ್ತರ ವಜೀರಿಸ್ತಾನದ ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಬಟ್ಟೆಯ ರೆಕ್ಕೆಯಿಂದ ಡ್ರೋನ್‌ವರೆಗೆ ವಿಮಾನ ಎಷ್ಟು ಮುಂದುವರಿದಿದೆ ಎಂದು ವಸ್ತುಸಂಗ್ರಹಾಲಯಗಳು ತೋರಿಸುತ್ತವೆ. ಕೆಳಗಿನ ಊರು ಮಾತ್ರ ಬದಲಾಗಲಿಲ್ಲ.

ನಾವು ಹೀಗೆ ವಪಿಟಿಯ ಮುಂದೆ ನಿಂತು ಗಂಭೀರವಾಗಿರುವಾಗ ಹುಡುಗ ಬಂದು ಕೈ ಹಿಡಿದೆಳೆದ. ಅವನಿಗೆ ಒಂದು ಪುಟಾಣಿ ವಿಮಾನ ಸಿಕ್ಕಿತ್ತು. ಕಾರಿಗಿಂತ ಸ್ವಲ್ಪ ಉದ್ದ, ಮೊಂಡು ರೆಕ್ಕೆ, ಒಬ್ಬನೇ ಕೂರುವ ಜಾಗ. ಅವನ ಪ್ರಶ್ನೆ, "ಇದಕ್ಕೆ ಚಕ್ರ ಎಲ್ಲಿ? ಇಳಿಯುವುದು ಹೇಗೆ?"

ಅದು ಜಪಾನಿನ ಓಕಾ. ಹೆಸರಿನ ಅರ್ಥ ಚೆರ್ರಿ ಹೂವು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೋಲುತ್ತಿದ್ದ ಜಪಾನ್ ತಯಾರಿಸಿದ ಮನುಷ್ಯ ನಡೆಸುವ ಬಾಂಬ್. ಮೂತಿಯಲ್ಲಿ 1200 ಕಿಲೋ ಸಿಡಿತಲೆ, ಹಿಂದೆ ರಾಕೆಟ್. ದೊಡ್ಡ ವಿಮಾನವೊಂದು ಅದನ್ನು ಹೊಟ್ಟೆಯಡಿ ಕಟ್ಟಿಕೊಂಡು ಹೋಗಿ ಶತ್ರುವಿನ ಹಡಗು ಕಾಣುವಲ್ಲಿ ಬಿಡುತ್ತಿತ್ತು. ಒಳಗೆ ಕೂತ ಹುಡುಗ ಹಡಗಿಗೆ ಗುರಿಯಿಟ್ಟು ಸಾಯಬೇಕು. ಇಳಿಯುವ ಪ್ರಶ್ನೆಯೇ ಇಲ್ಲದ್ದರಿಂದ ಚಕ್ರ ಇಲ್ಲ. ಅಮೆರಿಕದ ನಾವಿಕರು ಅದಕ್ಕೆ ಜಪಾನಿ ಭಾಷೆಯಲ್ಲೇ 'ಬಾಕಾ', ಅಂದರೆ ಮೂರ್ಖ, ಎಂದು ಹೆಸರಿಟ್ಟರು. ಇದನ್ನು ಹುಡುಗನಿಗೆ ಹೇಗೆ ಹೇಳಬೇಕೆಂದು ನಾವು ತಡವರಿಸುತ್ತಿರುವಾಗ ಚಾಚಾ ಹೇಳಿದರು, "ಇಳಿಯೋದಿಲ್ಲ ಮಗಾ. ಕಳಿಸಿದವರಿಗೆ ಅವನು ವಾಪಸ್ ಬೇಕಾಗಿರಲಿಲ್ಲ." ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕುತೂಹಲದಿಂದಲೋ ಏನೋ, ಅಲ್ಲಿದ್ದ ಉಳಿದ ವಿಮಾನಗಳ ಚಕ್ರಗಳನ್ನೆಲ್ಲ ನೋಡುತ್ತ ಹೋದ.

ಲಿಬರೇಟರ್ ಮುಂದೆ ನಿಂತಾಗ ಮಾತನಾಡುವ ಸರದಿ ಚಾಚಾರದ್ದು. ನಾಲ್ಕು ಎಂಜಿನ್‌ಗಳ ಈ ಅಮೆರಿಕನ್ ಬಾಂಬರ್ ನಮ್ಮ ವಾಯುಪಡೆಗೆ ಬಂದ ಕತೆ ಕನ್ನಡ ನಾಡಿನ ಪಠ್ಯಪುಸ್ತಕದಲ್ಲಿ ಇರಬೇಕಾದದ್ದು. ಯುದ್ಧ ಮುಗಿದಾಗ ಬ್ರಿಟಿಷರು ಬಳಸುತ್ತಿದ್ದ ಈ ವಿಮಾನಗಳನ್ನು ಅಮೆರಿಕದ ಜೊತೆಗಿನ ಕರಾರಿನಂತೆ ಯಾರಿಗೂ ದಾಟಿಸುವಂತಿರಲಿಲ್ಲ. ಆದ್ದರಿಂದ ಕಾನ್ಪುರದ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಹಾಳುಗೆಡವಿದರು. ಲಾರಿ ಗುದ್ದಿಸಿದರು, ಎಂಜಿನ್ನಿಗೆ ಮರಳು ಸುರಿದರು, ಒಳಗಿನ ಉಪಕರಣಗಳನ್ನು ಒಡೆದುಹಾಕಿದರು. ಸ್ವಾತಂತ್ರ್ಯ ಬಂದು ಬಾಂಬರ್ ಬೇಕೆನಿಸಿದಾಗ ಹಣವಿರಲಿಲ್ಲ. 1948ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಗುಜರಿಯ ನಡುವೆ ನಿಂತರು. ಒಂದರ ಬಾಲ, ಇನ್ನೊಂದರ ರೆಕ್ಕೆ, ಮತ್ತೊಂದರ ಎಂಜಿನ್ ಎಂದು ಜೋಡಿಸಿ, ಬೆಂಗಳೂರಿನವರೆಗೆ ಹಾರಿದರೆ ಸಾಕು ಎನ್ನುವಷ್ಟು ರಿಪೇರಿ ಮಾಡಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಹಾರಿಸಿ ತಂದರು. ಹೀಗೆ ಸುಮಾರು 40 ಲಿಬರೇಟರ್‌ಗಳು ಮರುಜೀವ ಪಡೆದು 1968ರವರೆಗೆ ಹಾರಿದವು. ತಮಾಷೆಯೆಂದರೆ, ತಯಾರಿಸಿದ ದೇಶವೇ ಬಹುಪಾಲು ಲಿಬರೇಟರ್‌ಗಳನ್ನು ಕರಗಿಸಿಬಿಟ್ಟಿತ್ತು. ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿ, ಅಮೆರಿಕದ ಅರಿಜೋನಾದಲ್ಲಿ, ಕೆನಡದ ಒಟ್ಟಾವದಲ್ಲಿ ಜನ ಬೆರಗಾಗಿ ನೋಡುವ ಲಿಬರೇಟರ್‌ಗಳು ಭಾರತದಿಂದ ಹೋದವು. ಪಾಲಂನಲ್ಲಿರುವ ಲೈಸಾಂಡರ್ ವಿಮಾನ ಕೆನಡದವರು ಅದಕ್ಕೆ ಬದಲಾಗಿ ಕೊಟ್ಟದ್ದು.

ಚಾಚಾ ಕಾರ್ಖಾನೆ ಸೇರಿದಾಗ ಆ ಕೆಲಸ ಮಾಡಿದ ಹಿರಿಯ ಮಿಸ್ತ್ರಿಗಳು ಇನ್ನೂ ಇದ್ದರಂತೆ. ಕೈಪಿಡಿ ಇರಲಿಲ್ಲ, ಒಂದು ಒಳ್ಳೆಯ ಭಾಗವನ್ನು ಬಿಚ್ಚಿ ನೋಡಿ ಅದರ ಅಳತೆಯಲ್ಲಿ ಇನ್ನೊಂದು ಮಾಡುತ್ತಿದ್ದೆವು ಎಂದು ಅವರು ಹೇಳುತ್ತಿದ್ದುದನ್ನು ಚಾಚಾ ನೆನೆದರು. ಆಮೇಲೆ ವಿಮಾನದ ಮೈಯ ರಿವೆಟ್‌ಗಳನ್ನು ತೋರಿಸಿ, ಇದು ಅಮೆರಿಕದ ಕೈ, ಈ ತೇಪೆ ನಮ್ಮ ಕೈ ಎಂದರು. ನಮಗೆ ಎರಡೂ ಒಂದೇ ತರಹ ಕಂಡವು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ಬೆಂಗಳೂರಿಗೆ ಈ ಕಾರ್ಖಾನೆ ಬಂದ ಕತೆಯಲ್ಲೂ ನಾವು ಮರೆತ ಹೆಸರೊಂದಿದೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮುಂದೆ ಬಂದು ಭೂಮಿ ಕೊಟ್ಟು ಬಂಡವಾಳ ಹೂಡಿದ್ದು ಮೈಸೂರು ಸಂಸ್ಥಾನ. ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಆ ವರ್ಷದ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮುಂದೆ ಬೆಂಗಳೂರು ವಿಮಾನ ವಿಜ್ಞಾನದ ನಗರವಾದದ್ದಕ್ಕೆ ಬೀಜ ಬಿದ್ದದ್ದು ಅಲ್ಲಿ.

ಹೀಗೆ ಹೇಳುವಾಗಲೇ ನಮ್ಮದೇ ಒಂದು ಚಟದ ಬಗ್ಗೆಯೂ ಹೇಳಿಕೊಳ್ಳಬೇಕು. ಇಂಥ ಕಡೆ ಹೋದಾಗ ನಮಗೆ ಗೊತ್ತಿಲ್ಲದೆಯೇ ಕಣ್ಣು ಹೆಸರು ಹುಡುಕುತ್ತದೆ. ಫೋಟೋಗಳ ಸಾಲಿನಲ್ಲಿ ಇದ್ರೀಸ್ ಹಸನ್ ಲತೀಫ್ ಕಂಡಾಗ ನಮ್ಮ ಗುಂಪಿನಲ್ಲೊಂದು ಸಣ್ಣ ಸಮಾಧಾನ ಹರಿದಾಡಿತು. ಹೈದರಾಬಾದಿನಲ್ಲಿ ಹುಟ್ಟಿದ ಲತೀಫ್ 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದವರು. 1947ರಲ್ಲಿ ವಿಮಾನ, ಎಂಜಿನ್, ಬಿಡಿಭಾಗಗಳ ಜೊತೆ ಮನುಷ್ಯರನ್ನೂ ಹಂಚಿದಾಗ ಅವರು ಭಾರತದಲ್ಲಿ ಉಳಿಯುವ ಆಯ್ಕೆ ಮಾಡಿದರು. ಒಂದೇ ವಾಯುಪಡೆಯಲ್ಲಿದ್ದ ಅಸ್ಗರ್ ಖಾನ್, ನೂರ್ ಖಾನ್ ಆಚೆ ಹೋಗಿ ಪಾಕಿಸ್ತಾನದ ವಾಯುಪಡೆಗೆ ಮುಖ್ಯಸ್ಥರಾದರು. ಈ ಕತೆ ದೊಡ್ಡದು, ಹೇಳಬೇಕಾದದ್ದು. ಆದರೆ ನಾವು ಸಮಾಧಾನಪಟ್ಟದ್ದು ಯಾಕೆ? ಯಾರೋ ನಮ್ಮನ್ನು ಪ್ರಮಾಣಪತ್ರ ಕೇಳಿದ್ದಾರೆ, ಇಗೋ ಸಿಕ್ಕಿತು ಎಂಬಂತೆ ಅಲ್ಲವೇ? ಲತೀಫ್ ಒಳ್ಳೆಯ ಪೈಲಟ್ ಆಗಿದ್ದರು ಎಂಬುದಕ್ಕಾಗಿ ನಮಗೆ ಸಂತೋಷವಾಗಿದ್ದರೆ ಬೇರೆ ಮಾತಿತ್ತು. ಚಾಚಾ ಮಾತ್ರ ಈ ಚಟಕ್ಕೆ ಬೀಳಲಿಲ್ಲ. "ನೀವು ಪೈಲಟ್‌ಗಳಲ್ಲಿ ನಮ್ಮವರನ್ನು ಹುಡುಕ್ತಾ ಇದೀರಿ," ಎಂದರು. "ರಿವೆಟ್ ಹೊಡೆದವರ ಹೆಸರು ಇಲ್ಲಿ ಯಾವ ಜಾತಿಯದ್ದೂ ಇಲ್ಲ."

ನ್ಯಾಟ್ ಬಗ್ಗೆಯೂ ಒಂದು ಮಾತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಅಮೆರಿಕನ್ ಸೇಬರ್ ವಿಮಾನಗಳನ್ನು ಎದುರಿಸಿ 'ಸೇಬರ್ ಸಂಹಾರಿ' ಎಂಬ ಹೆಸರು ಪಡೆದ ಪುಟ್ಟ ವಿಮಾನ ಇದು. ಇದೇ ಜಾತಿಯ ಇನ್ನೊಂದು ನ್ಯಾಟ್ ಕರಾಚಿಯಲ್ಲಿ ಪಾಕಿಸ್ತಾನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. ಆ ಯುದ್ಧದ ಆರಂಭದಲ್ಲೇ ಪಸ್ರೂರ್ ಎಂಬಲ್ಲಿ ಇಳಿದು ಸೆರೆ ಸಿಕ್ಕ ನಮ್ಮ ವಾಯುಪಡೆಯ ವಿಮಾನ ಅದು. ಇಲ್ಲಿ ಅದು ವೀರ, ಅಲ್ಲಿ ಕೈದಿ. ಕರಾಚಿಯ ಆ ವಸ್ತುಸಂಗ್ರಹಾಲಯ ಇರುವುದು ಈಗ ಫೈಸಲ್ ಎಂದು ಹೆಸರು ಬದಲಿಸಿಕೊಂಡ ವಾಯುನೆಲೆಯ ಮಗ್ಗುಲಲ್ಲಿ. ಆ ವಾಯುನೆಲೆಯ ಹಳೆಯ ಹೆಸರು ಡ್ರಿಗ್ ರೋಡ್. ನಾಲ್ಕು ವಪಿಟಿಗಳೊಂದಿಗೆ ಭಾರತೀಯ ವಾಯುಪಡೆ ಹುಟ್ಟಿದ ಜಾಗ. ನಮ್ಮ ಮೊದಲ ವಿಮಾನ ದೆಹಲಿಯಲ್ಲಿದೆ, ಅದರ ತೊಟ್ಟಿಲು ಕರಾಚಿಯಲ್ಲಿದೆ. ಎರಡೂ ಕಡೆಯ ಮಕ್ಕಳು ತಮ್ಮ ತಮ್ಮ ಅರ್ಧವನ್ನು ನೋಡಿ ಪೂರ್ತಿ ಕತೆ ಎಂದು ನಂಬಿ ಮನೆಗೆ ಹೋಗುತ್ತಾರೆ.

ಮಾರುತ್ ವಿಮಾನ ಬೆಂಗಳೂರಿನ ಓದುಗರಿಗೆ ಹೊಸದಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಮೂತಿ ಚೂಪಾದ ವಿಮಾನವೊಂದನ್ನು ನೋಡಿರುತ್ತೀರಿ, ಅದೇ ಇದು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬಂದು ನಮ್ಮ ಎಂಜಿನಿಯರುಗಳ ಜೊತೆ ಸೇರಿ ರೂಪಿಸಿದ್ದು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. ಶಬ್ದಕ್ಕಿಂತ ವೇಗವಾಗಿ ಹೋಗಬೇಕೆಂದು ಎಳೆದ ಚಿತ್ರಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟಿಷರ ಹೊಸ ಎಂಜಿನ್ನಿಗೆ ಹಣ ಹಾಕಲು ನಮ್ಮವರು ಹಿಂಜರಿದರು. ನಾಸಿರರ ಈಜಿಪ್ಟಿನ ಜೊತೆ ಸೇರಿ ಅವರ ಎಂಜಿನ್ನನ್ನು ಹೊಂದಿಸುವ ಪ್ರಯತ್ನಕ್ಕೆ ಒಂದು ಮಾರುತ್ ಅಲ್ಲಿಗೂ ಹೋಗಿತ್ತು, ಅದೂ ಕೈಗೂಡಲಿಲ್ಲ. ಆದರೂ 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿದವು, 1990ರಲ್ಲಿ ನಿವೃತ್ತವಾದವು. ಸುರಂಜನ್ ದಾಸ್ 1970ರ ಜನವರಿಯಲ್ಲಿ ಮಾರುತ್‌ನ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗಲೇ ಅಪಘಾತದಲ್ಲಿ ತೀರಿಕೊಂಡರು. ಎಚ್‌ಎಎಲ್ ಬಳಿ ಅವರ ಹೆಸರಿನ ರಸ್ತೆಯಿದೆ. ದಿನವೂ ಆ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತು?

ಚಾಚಾರ ಮೊದಲ ಕೆಲಸ ಮಾರುತ್‌ನ ಮೇಲೆ. "ನಾನು ಸೇರುವಷ್ಟರಲ್ಲಿ ಜರ್ಮನ್ ಸಾಹೇಬರು ಹೋಗಿಯಾಗಿತ್ತು," ಎನ್ನುತ್ತ ಅವರು ವಿಮಾನದ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಕಾವಲಿನವನು ಸೀಟಿ ಊದಿದ. ಚಾಚಾ ತಮ್ಮ ಮುರುಕು ಹಿಂದಿಯಲ್ಲಿ, ಇದಕ್ಕೆ ತಗಡು ಹೊದಿಸಿದ್ದು ನಾವೇ ಸ್ವಾಮಿ ಎಂದರು. ಕಾವಲಿನವನು ಒಂದು ಕ್ಷಣ ನೋಡಿ, ಬೇರೆ ಕಡೆ ಮುಖ ತಿರುಗಿಸಿ ನಿಂತ. ಆ ದಿನ ನಾವು ಕಂಡ ಅತ್ಯಂತ ಸಭ್ಯ ನಡವಳಿಕೆ ಅದು.

ಇನ್ನು ಈ ಲೇಖನ ಬರೆಯಲು ಕಾರಣವಾದ ವಿಮಾನದ ಬಗ್ಗೆ. ಫ್ರಾನ್ಸಿನಿಂದ 1953ರಲ್ಲಿ ತರಿಸಿದ ಊರಗಾನ್‌ಗೆ ನಮ್ಮವರು ಅದೇ ಅರ್ಥದ ತೂಫಾನಿ ಎಂಬ ಹೆಸರಿಟ್ಟರು. ದುಂಡು ಮೂತಿಯ, ಮಕ್ಕಳ ಚಿತ್ರಪುಸ್ತಕದಲ್ಲಿ ಇರುವಂಥ ವಿಮಾನ. ಅದರ ವೇಗ, ಅದರ ಎಂಜಿನ್, ಬಂದೂಕುಗಳ ಸಂಖ್ಯೆ ತಿಳಿಯಬಯಸುವವರಿಗೆ ಕೊರತೆಯಿಲ್ಲ. ಆದರೆ 1966ರ ಮಾರ್ಚ್ 5ರಂದು ತೂಫಾನಿ ಮತ್ತು ಹಂಟರ್ ವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ಗುಂಡು, ಬಾಂಬು ಸುರಿಸಿದವು. ಐಜ್ವಾಲ್ ಯಾವ ಶತ್ರು ದೇಶದಲ್ಲೂ ಇರಲಿಲ್ಲ. ಆಗ ಅಸ್ಸಾಮಿನ ಭಾಗವಾಗಿದ್ದ, ಈಗಿನ ಮಿಜೋರಾಂನ ರಾಜಧಾನಿ ಅದು.

ಹಿನ್ನೆಲೆ ಹೇಳದಿದ್ದರೆ ನಾವೂ ಅರ್ಧ ಕತೆ ಹೇಳಿದವರಾಗುತ್ತೇವೆ. ಬಿದಿರು ಹೂಬಿಟ್ಟು, ಇಲಿಗಳ ಕಾಟ ಹೆಚ್ಚಿ ಬಂದ 1959ರ ಬರಗಾಲದಲ್ಲಿ ಸರಕಾರ ಕೈಬಿಟ್ಟಿತು ಎಂಬ ಸಿಟ್ಟಿನಿಂದ ಬೆಳೆದ ಮಿಜೋ ನ್ಯಾಷನಲ್ ಫ್ರಂಟ್ 1966ರ ಮಾರ್ಚ್ ಆರಂಭದಲ್ಲಿ ಸ್ವಾತಂತ್ರ್ಯ ಘೋಷಿಸಿ ಶಸ್ತ್ರ ಹಿಡಿದಿತ್ತು. ಐಜ್ವಾಲಿನ ಅಸ್ಸಾಂ ರೈಫಲ್ಸ್ ನೆಲೆಗೆ ಮುತ್ತಿಗೆ ಹಾಕಲಾಗಿತ್ತು, ಹೆಲಿಕಾಪ್ಟರ್ ಇಳಿಯಲೂ ಆಗುತ್ತಿರಲಿಲ್ಲ. ಒಳಗಿದ್ದ ಜವಾನರ ಜೀವವೂ ಜೀವವೇ. ಆದರೆ ಪೇಟೆಯಲ್ಲಿದ್ದ ಮನೆಗಳಿಗೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಜನ ಮಕ್ಕಳನ್ನು ಹೊತ್ತು ಕಾಡಿಗೆ ಓಡಿದರು. ವಿಮಾನಗಳು ಇಳಿಸಿದ್ದು ಸೈನಿಕರನ್ನು, ಆಹಾರ ಸಾಮಗ್ರಿಯನ್ನು ಎಂದು ಸರಕಾರ ಪತ್ರಿಕೆಗಳ ಮುಂದೆ ಹೇಳಿತು. ಅಸ್ಸಾಂ ವಿಧಾನಸಭೆಯಲ್ಲಿ ಗುಡ್ಡಗಾಡಿನ ಶಾಸಕರು ಪ್ರಶ್ನೆ ಎತ್ತಿದರು. ದೇಶದ ಉಳಿದ ಭಾಗಕ್ಕೆ ಆ ದನಿ ಕೇಳಿಸಲಿಲ್ಲ. 1986ರಲ್ಲಿ ಶಾಂತಿ ಒಪ್ಪಂದವಾಗಿ ಮಿಜೋರಾಂ ನೆಮ್ಮದಿಯ ರಾಜ್ಯವಾಯಿತು. ಮಿಜೋ ಜನ ಮಾರ್ಚ್ 5ನ್ನು ಇಂದಿಗೂ ನೆನೆಯುತ್ತಾರೆ. 2023ರ ಆಗಸ್ಟ್‌ನಲ್ಲಿ ಪ್ರಧಾನಿಯೇ ಲೋಕಸಭೆಯಲ್ಲಿ ಈ ದಾಳಿಯ ಮಾತೆತ್ತಿದರು, ಆದರೆ ವಿರೋಧ ಪಕ್ಷವನ್ನು ಚುಚ್ಚಲು. ನೆನಪು ಬೇಕಾದಾಗ ಮಾತ್ರ ಹೊರತೆಗೆಯುವ ಆಯುಧವಾದರೆ ಅದರಿಂದ ಐಜ್ವಾಲಿನ ಮುದುಕಿಗೆ ಏನು ಸಿಕ್ಕಿತು?

ನೂರು ವರ್ಷ ಹಿಂದಕ್ಕೆ ಹೋದರೆ ಇನ್ನೊಂದು ಉದಾಹರಣೆಯಿದೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಮರುದಿನ, 1919ರ ಏಪ್ರಿಲ್ 14ರಂದು, ಬ್ರಿಟಿಷರು ಪಂಜಾಬಿನ ಗುಜ್ರನ್‌ವಾಲಾ ಮೇಲೆ ವಿಮಾನದಿಂದ ಬಾಂಬು ಹಾಕಿದರು. ಅದರ ಬಗ್ಗೆ ಹಂಟರ್ ಸಮಿತಿ ಪೈಲಟ್‌ನನ್ನು ಕರೆದು ಪ್ರಶ್ನಿಸಿತು. ಅವನ ಉತ್ತರಗಳು ಅಚ್ಚಾಗಿ ಉಳಿದಿವೆ. ವಸಾಹತು ಸರಕಾರದ ನ್ಯಾಯದ ಮೇಲೆ ನಮಗೆ ಭ್ರಮೆಯೇನೂ ಇಲ್ಲ. ಆದರೂ ಗುಜ್ರನ್‌ವಾಲಾದ ವಿಷಯದಲ್ಲಿ ಅಚ್ಚಾದ ಅಷ್ಟಾದರೂ ಇದೆ, ಐಜ್ವಾಲಿನ ವಿಷಯದಲ್ಲಿ ಮಿಜೋ ಜನರ ನೆನಪೇ ಆಧಾರ ಎಂಬುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ.

ಇದು ಪಾಲಂನ ಸಮಸ್ಯೆ ಮಾತ್ರವಲ್ಲ ಎಂದೂ ಹೇಳಬೇಕು. ಹಿರೋಶಿಮಾ ಮೇಲೆ ಅಣುಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 1995ರಲ್ಲಿ, ಕೆಳಗೆ ಸತ್ತವರ ಕತೆಯ ಜೊತೆಗೇ ಪ್ರದರ್ಶಿಸಲು ಯೋಜಿಸಿತ್ತು. ಮಾಜಿ ಸೈನಿಕರ ಸಂಘಟನೆಗಳು, ರಾಜಕಾರಣಿಗಳು ಎದ್ದು ಕೂಗಾಡಿದರು. ಪ್ರದರ್ಶನ ರದ್ದಾಯಿತು, ಅಲ್ಲಿನ ವಿಮಾನ ವಸ್ತುಸಂಗ್ರಹಾಲಯದ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. 2003ರ ಡಿಸೆಂಬರ್‌ನಿಂದ ಆ ವಿಮಾನ ವಾಷಿಂಗ್ಟನ್ ಬಳಿಯ ದೊಡ್ಡ ಹ್ಯಾಂಗರಿನಲ್ಲಿ ಥಳಥಳ ಹೊಳೆಯುತ್ತ ನಿಂತಿದೆ. 8 ಗಂಟೆ 15 ನಿಮಿಷಕ್ಕೆ ನಿಂತುಹೋದ ಕೈಗಡಿಯಾರ ನೋಡಬೇಕೆಂದರೆ ಹಿರೋಶಿಮಾಕ್ಕೇ ಹೋಗಬೇಕು. ಮೇಲಿದ್ದವರಿಗೊಂದು ವಸ್ತುಸಂಗ್ರಹಾಲಯ, ಕೆಳಗಿದ್ದವರಿಗೆ ಇನ್ನೊಂದು. ನಡುವೆ ಒಂದು ಸಾಗರ.

ಕತೆ ಹೇಳಿದರೆ ಸೈನಿಕನ ಗೌರವಕ್ಕೆ ಕುಂದು ಎಂದು ವಾದಿಸುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಆಜ್ಞೆ ಕೊಟ್ಟವರು ರಾಜಕಾರಣಿಗಳು. ಹಾರಿಸಿದವನ ಮೇಲೆ ಆ ಹೊರೆಯನ್ನು ಒಂಟಿಯಾಗಿ ಬಿಟ್ಟು ಫಲಕ ಮೌನವಾಗಿರುವುದೇ ಅವನಿಗೆ ಅಗೌರವ. ಮಿಜೋರಾಂನಿಂದ ದೆಹಲಿಗೆ ಪ್ರವಾಸ ಬಂದ ಶಾಲಾಮಕ್ಕಳು ಈ ದುಂಡುಮೂತಿಯ ವಿಮಾನದ ಮುಂದೆ ನಿಂತರೆ ಅವರ ಮೇಷ್ಟರು ಏನು ಹೇಳಬೇಕು? ಅಜ್ಜಿ ಹೇಳಿದ ಕತೆಯ ವಿಮಾನ ಇದೇ ಎಂದು ಗುರುತಿಸಿದ ಹುಡುಗಿ ಈ ದೇಶವನ್ನು ತನ್ನದೆಂದು ಹೇಗೆ ಭಾವಿಸಬೇಕು?

ಹೊರಡುವ ಮೊದಲು ಇನ್ನೊಮ್ಮೆ ತೂಫಾನಿಯ ಮುಂದೆ ನಿಂತಾಗ ಅಲ್ಲಿ ಏನು ಬರೆಯಬಹುದೆಂದು ನಮ್ಮಲ್ಲೇ ಚರ್ಚೆಯಾಯಿತು. ದೊಡ್ಡ ಪ್ರಬಂಧ ಬೇಡ. ದಿನಾಂಕ, ಊರಿನ ಹೆಸರು, ಆಜ್ಞೆ ಎಲ್ಲಿಂದ ಬಂತು, ಮನೆಗಳು ಸುಟ್ಟವು, ಜನ ಕಾಡಿಗೆ ಓಡಿದರು, 20 ವರ್ಷದ ನಂತರ ಶಾಂತಿ ಬಂತು. ಹಿಂದಿ, ಇಂಗ್ಲಿಷ್ ಜೊತೆಗೆ ಮಿಜೋ ಭಾಷೆಯಲ್ಲೂ. ಜಾಗ ಸಾಲುವುದಿಲ್ಲ ಎಂದು ನಮ್ಮಲ್ಲೊಬ್ಬರು ಅಂದರು. ಚಾಚಾ ಕಾವಲಿನವನ ಕಡೆ ಒಮ್ಮೆ ನೋಡಿಕೊಂಡು, ಫಲಕವನ್ನು ಮುಟ್ಟದೆ, ಗಾಳಿಯಲ್ಲೇ ಗೇಣು ಹಾಕಿ ಅಳೆದರು. ಕೆಳಗಡೆ ಒಂದೂವರೆ ಗೇಣು ಖಾಲಿ ಇದೆ, ಆರು ಸಾಲು ಆರಾಮಾಗಿ ಹಿಡಿಯುತ್ತೆ ಎಂದರು.